ಅಂತರ ಒಂದೇ, ಹಳಿ ನಾಲ್ಕು ಬಗೆ: ಹಳೆಯ ಮತ್ತು ಹೊಸ ಆಟಿಕೆ ರೈಲು ಹಳಿಗಳನ್ನು ಬೆಸೆಯುವ ಬಗೆ

ಬ್ರಿಟನ್ನಿನ ಹಳೆಯ ಆಟಿಕೆ ರೈಲುಗಳನ್ನು ಕೂಡಿಸುವವರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ತಲೆಮಾರಿನ ಹಳಿಗಳು ಒಟ್ಟಿಗೆ ಬಿದ್ದಿರುತ್ತವೆ. ಮೊದಲನೆಯದು 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೋ. ಅದಕ್ಕೆ ತಗಡಿನ ತಳ, ಮೂರು ಕಂಬಿ. ಎರಡನೆಯದು 1962ರ ಸುಮಾರಿನ, ಟ್ರೈಯಾಂಗ್ ಕಂಪನಿಯ ಸೂಪರ್ 4, ದಪ್ಪ ಪ್ಲಾಸ್ಟಿಕ್ ಸ್ಲೀಪರುಗಳ ಮೇಲೆ ಎತ್ತರದ ಉಕ್ಕಿನ ಕಂಬಿ. ಮೂರನೆಯದು 1970ರ ದಶಕದ ಆರಂಭದ ಸಿಸ್ಟಮ್ 6. ಇಂದಿನ ಹಾರ್ನ್‌ಬಿ ಹಳಿ ಇದರದೇ ಮುಂದುವರಿಕೆ. ನಾಲ್ಕನೆಯದು ಡೆವನ್ ಪ್ರಾಂತ್ಯದ ಪೀಕೋ ಕಂಪನಿಯ ತೆಳು ಕಂಬಿಯ ಕೋಡ್ 75. ನಾಲ್ಕರಲ್ಲೂ ಎರಡು ಹೊರ ಕಂಬಿಗಳ ನಡುವಿನ ಅಂತರ 16.5 ಮಿ.ಮೀ. ಅಂತರ ಒಂದೇ ಆದ್ದರಿಂದ ಎಲ್ಲವನ್ನೂ ಒಂದಕ್ಕೊಂದು ಸಿಕ್ಕಿಸಿ ರೈಲು ಓಡಿಸಬಹುದು ಎಂದು ತೋರುತ್ತದೆ. ಸಿಕ್ಕಿಸಿ ನೋಡಿದಾಗ ಕೀಲಿನಲ್ಲಿ ಡಬ್ಬಿ ಉರುಳುತ್ತದೆ, ಇಲ್ಲವೇ ಎಂಜಿನ್ ನಿಲ್ಲುತ್ತದೆ, ಇಲ್ಲವೇ ಶಾರ್ಟ್ ಆಗಿ ಕಂಟ್ರೋಲರ್ ಕೈಕೊಡುತ್ತದೆ.

ಕಾರಣ ಇಷ್ಟೇ. ಗೇಜ್, ಅಂದರೆ ಕಂಬಿಗಳ ನಡುವಿನ ಈ ಅಂತರ, ಒಂದೇ ಒಂದು ಅಳತೆ. ಚಕ್ರಕ್ಕೆ ಕಂಬಿಯ ಎರಡು ಮುಖಗಳು ಮುಖ್ಯ: ತಲೆಯ ಮೇಲ್ಮೈ ಮತ್ತು ಒಳಅಂಚು. ಚಕ್ರ ಉರುಳುವುದು ಮೇಲ್ಮೈಯ ಮೇಲೆ, ಅದರ ಫ್ಲ್ಯಾಂಜ್, ಅಂದರೆ ಒಳಬದಿಯ ಚಾಚು, ತಾಗುವುದು ಒಳಅಂಚಿಗೆ. ಈ ಎರಡು ಗೆರೆಗಳು ಕೀಲಿನಲ್ಲಿ ಕಡಿಯದೆ ಸಾಗಿದರೆ ಕಂಬಿ ಎಷ್ಟು ದಪ್ಪವಿದೆ, ಸ್ಲೀಪರ್ ಯಾವ ಬಣ್ಣ ಎಂಬುದು ಚಕ್ರಕ್ಕೆ ಗೊತ್ತೇ ಆಗುವುದಿಲ್ಲ. ಅರ್ಧ ಮಿಲಿಮೀಟರ್ ಮೆಟ್ಟಿಲು ಎದ್ದರೂ ಹಗುರವಾದ ಡಬ್ಬಿಗೆ ಅದು ಗೋಡೆ.

ಮೊದಲ ಕೆಲಸ ವಿಂಗಡಣೆ. ಅದಕ್ಕೆ ಒಂದು ಅಯಸ್ಕಾಂತ, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಮಲ್ಟಿಮೀಟರ್ ಸಾಕು. ಅಯಸ್ಕಾಂತ ಅಂಟಿಕೊಂಡರೆ ಕಂಬಿ ಉಕ್ಕಿನದು. ಅಂಟದೆ ಬೆಳ್ಳಿಯಂತೆ ಹೊಳೆದರೆ ನಿಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಕ್ಯಾಲಿಪರ್‌ನಿಂದ ಕಂಬಿಯ ಎತ್ತರ ಅಳೆಯಬೇಕು. ಕೋಡ್ ಎಂಬ ಸಂಖ್ಯೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. ಆದ್ದರಿಂದ ಸಿಸ್ಟಮ್ 6ರ ಕೋಡ್ 100 ಅಂದರೆ 2.54 ಮಿ.ಮೀ., ಕೋಡ್ 75 ಅಂದರೆ ಸುಮಾರು 1.9 ಮಿ.ಮೀ. ಸೂಪರ್ 4 ಇವೆರಡಕ್ಕಿಂತಲೂ ಎತ್ತರ. ಅಳೆದದ್ದನ್ನು ಹಳಿಯ ಅಡಿಯಲ್ಲೇ ಮಾರ್ಕರಿನಿಂದ ಬರೆದಿಟ್ಟರೆ ಮುಂದೆ ತಲೆನೋವಿಲ್ಲ.

ಈಗ ಎತ್ತರದ ಪ್ರಶ್ನೆ. ಸೂಪರ್ 4 ಮತ್ತು ಸಿಸ್ಟಮ್ 6ರ ನಡುವೆ ಹಾಕಲೆಂದೇ ಪರಿವರ್ತಕ ತುಂಡುಗಳು ಮಾರಾಟದಲ್ಲಿದ್ದವು. ಹಳೆಯ ಸಾಮಾನಿನಲ್ಲಿ ಸಿಕ್ಕರೆ ಬಿಡಬಾರದು. ಸಿಗದಿದ್ದರೆ ನಾವೇ ಮಾಡಿಕೊಳ್ಳಬೇಕು. ಎರಡು ಹಳಿಗಳನ್ನೂ ಸಪಾಟಾದ ಹಲಗೆಯ ಮೇಲಿಟ್ಟು, ಹಲಗೆಯಿಂದ ಕಂಬಿಯ ತಲೆಯವರೆಗಿನ ಎತ್ತರವನ್ನು ಬೇರೆ ಬೇರೆ ಅಳೆಯಿರಿ. ಕಂಬಿಯ ಎತ್ತರವನ್ನಷ್ಟೇ ನೋಡಿದರೆ ಸ್ಲೀಪರಿನ ದಪ್ಪ ಲೆಕ್ಕದಿಂದ ತಪ್ಪಿಹೋಗುತ್ತದೆ. ವ್ಯತ್ಯಾಸದಷ್ಟು ದಪ್ಪದ ರಟ್ಟನ್ನು ತಗ್ಗಿನ ಹಳಿಯ ಅಡಿಗೆ ಕೊಡಬೇಕು. ಕೀಲಿನ ಅಡಿಯಲ್ಲೂ ಅದರ ಆಸುಪಾಸಿನಲ್ಲೂ ಪೂರ್ತಿ ದಪ್ಪ, ಆಮೇಲೆ ಸುಮಾರು 300 ಮಿ.ಮೀ. ಉದ್ದಕ್ಕೆ ಒಂದೊಂದೇ ಪದರ ಕಡಿಮೆ ಮಾಡುತ್ತ ಇಳಿಜಾರು. ಕೀಲಿನಲ್ಲೇ ಇಳಿಜಾರು ಶುರುವಾದರೆ ಉದ್ದನೆಯ ಎಂಜಿನ್ನಿನ ಮುಂದಿನ ಚಕ್ರ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಕೀಲಿನ ಎರಡೂ ಕಡೆ ಕನಿಷ್ಠ ಒಂದು ಎಂಜಿನ್ನಿನ ಉದ್ದದಷ್ಟು ಸಮತಟ್ಟು ಇರಲಿ. ಅಂದರೆ ತಗ್ಗಿನ ಕಡೆ ಪೂರ್ತಿ ದಪ್ಪದ ರಟ್ಟು ಅಷ್ಟು ದೂರ ಹೋಗಿ, ಆಮೇಲೆ ಇಳಿಯಬೇಕು.

ಕೋಡ್ 100ಕ್ಕೆ ಕೋಡ್ 75 ಸೇರಿಸಲು ಬೇರೆ ಉಪಾಯವಿದೆ. ಕೋಡ್ 100ರ ಲೋಹದ ಜಾಯಿನರ್ ಅನ್ನು, ಅಂದರೆ ಎರಡು ಕಂಬಿಗಳ ತುದಿಗಳನ್ನು ಜೋಡಿಸುವ ಪಟ್ಟಿಯನ್ನು, ಅರ್ಧದವರೆಗೆ ದಪ್ಪ ಕಂಬಿಗೆ ತೂರಿಸಿ, ಹೊರಗುಳಿದ ಅರ್ಧವನ್ನು ಇಕ್ಕಳದಿಂದ ಚಪ್ಪಟೆ ಮಾಡಿ. ತೆಳು ಕಂಬಿ ಆ ಚಪ್ಪಟೆ ನಾಲಗೆಯ ಮೇಲೆ ಕೂರುತ್ತದೆ. ಎತ್ತರದ ವ್ಯತ್ಯಾಸ 0.64 ಮಿ.ಮೀ. ನಾಲಗೆಯ ದಪ್ಪ ಅದರಲ್ಲಿ ಒಂದಿಷ್ಟನ್ನು ತುಂಬುತ್ತದೆ, ಉಳಿದದ್ದನ್ನು ಸಾಲ್ಡರ್ ತುಂಬುತ್ತದೆ. ಬೆಸುಗೆಗೆ ಮೊದಲು ಕೀಲಿನ ಬಳಿಯ ಎರಡು ಮೂರು ಸ್ಲೀಪರುಗಳನ್ನು ಕತ್ತರಿಸಿ ತೆಗೆದಿಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿ ಗೇಜ್ ಅಗಲವಾಗುತ್ತದೆ. ಕಂಬಿಯ ತಳ ಮತ್ತು ನಾಲಗೆಯನ್ನು ಉಜ್ಜಿ, ಎರಡಕ್ಕೂ ರಾಳದ ಫ್ಲಕ್ಸ್ ಹಚ್ಚಿ, ಮೊದಲೇ ತೆಳುವಾಗಿ ಸಾಲ್ಡರ್ ಬಳಿಯಿರಿ. ಕಂಬಿಯ ಒಳಅಂಚಿಗೆ ಉಕ್ಕಿನ ಸ್ಕೇಲು ಒತ್ತಿಹಿಡಿದು ಎರಡೂ ಒಳಅಂಚು ಒಂದೇ ಗೆರೆಗೆ ಬಂದವೆಂದು ಖಚಿತವಾದ ಮೇಲೆ, 40 ವ್ಯಾಟ್‌ನ ಬೆಸುಗೆ ಕಬ್ಬಿಣವನ್ನು ಎರಡು ಮೂರು ಸೆಕೆಂಡು ಮಾತ್ರ ತಾಗಿಸಿ. ಎರಡೂ ಬದಿಗೆ ಕ್ರಾಕಡೈಲ್ ಕ್ಲಿಪ್ ಕಚ್ಚಿಸಿದರೆ ಅದು ಶಾಖ ಹೀರಿಕೊಂಡು ಉಳಿದ ಸ್ಲೀಪರುಗಳನ್ನು ಕಾಯುತ್ತದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಕಂಬಿಗಳ ನಡುಗೆರೆಗಳನ್ನು ಸೇರಿಸುವುದು. ತಲೆಯ ಅಗಲ ಬೇರೆ ಬೇರೆ ಇರುವುದರಿಂದ ನಡುಗೆರೆ ಸೇರಿದರೆ ಒಳಅಂಚು ಸೇರುವುದಿಲ್ಲ. ಹೊರಬದಿ ಏರುಪೇರಾಗಿ ಕಂಡರೆ ಕಾಣಲಿ, ಅಲ್ಲಿಗೆ ಚಕ್ರ ಹೋಗುವುದಿಲ್ಲ. ಕೊನೆಗೆ ಸಣ್ಣ ಅರದಿಂದ ಮೇಲ್ಮೈ ಮತ್ತು ಒಳಅಂಚನ್ನು ಸವರಿ, ಬೆರಳ ಉಗುರು ಎಳೆದು ನೋಡಬೇಕು. ಉಗುರಿಗೆ ಸಿಕ್ಕದ ಕೀಲು ಚಕ್ರಕ್ಕೂ ಸಿಕ್ಕದು.

ಹಳಿ ಕೂಡಿತು ಎಂದ ಮಾತ್ರಕ್ಕೆ ಚಕ್ರ ಒಪ್ಪಬೇಕೆಂದಿಲ್ಲ. ಹಳೆಯ ಟ್ರೈಯಾಂಗ್ ಚಕ್ರಗಳ ಫ್ಲ್ಯಾಂಜ್ ಆಳ, ಒರಟು. ಕೋಡ್ 100ರ ನೇರ ಹಳಿಯಲ್ಲಿ ಅವು ಬಹುತೇಕ ಓಡುತ್ತವೆ. ಕೋಡ್ 75ರಲ್ಲಿ ಕಂಬಿಯನ್ನು ಹಿಡಿದ ಪ್ಲಾಸ್ಟಿಕ್ ಹಿಡಿಕೆಗಳ ಮೇಲೇ ಫ್ಲ್ಯಾಂಜ್ ಕುಣಿಯುತ್ತ, ಸ್ಲೀಪರಿಗೊಂದು ಸದ್ದು ಮಾಡುತ್ತ ಹೋಗುತ್ತದೆ. ಪಾಯಿಂಟಿನಲ್ಲಿ, ಅಂದರೆ ಹಳಿ ಎರಡಾಗಿ ಕವಲೊಡೆಯುವ ತುಂಡಿನಲ್ಲಿ, ತೊಂದರೆ ಇನ್ನೂ ಆಳವಾದದ್ದು. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ ಈಗಿನ ಚಕ್ರಗಳಲ್ಲಿ ಸುಮಾರು 14.4ರಿಂದ 14.5 ಮಿ.ಮೀ., ಹಳೆಯವುಗಳಲ್ಲಿ ಅದಕ್ಕಿಂತ ಕಡಿಮೆ. ಪಾಯಿಂಟಿನ ಕವಲಿನಲ್ಲಿ ಚಕ್ರ ತಪ್ಪು ದಾರಿ ಹಿಡಿಯದಂತೆ ಎದುರು ಕಂಬಿಯ ಪಕ್ಕದಲ್ಲಿ ಒಂದು ಕಾವಲು ಕಂಬಿ ಇರುತ್ತದೆ. ಚಕ್ರಗಳು ಹತ್ತಿರವಿದ್ದರೆ ಒಂದು ಚಕ್ರವನ್ನು ಕಾವಲು ಕಂಬಿ, ಇನ್ನೊಂದನ್ನು ಕವಲಿನ ರೆಕ್ಕೆ ಒಟ್ಟಿಗೆ ಹಿಂಡುತ್ತವೆ. ಹಿಂಡಿದಾಗ ಡಬ್ಬಿ ಮೇಲಕ್ಕೇರುತ್ತದೆ. ತಿರುಗುಮುರುಗಾಗಿ, ಸೂಪರ್ 4 ಪಾಯಿಂಟಿನ ಕವಲಿನಲ್ಲಿ ಹಳೆಯ ದಪ್ಪ ಫ್ಲ್ಯಾಂಜಿಗೆಂದು ಅಗಲವಾದ ಸಂದು ಬಿಟ್ಟಿದ್ದಾರೆ. ಈಗಿನ ಸಣ್ಣ ಚಕ್ರ ಆ ಸಂದಿಗೆ ಇಳಿದು ಮುಗ್ಗರಿಸುತ್ತದೆ. ಸಂದಿನ ತಳಕ್ಕೆ ತೆಳು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರೆ ಮುಗ್ಗರಿಸುವುದು ನಿಲ್ಲುತ್ತದೆ, ಆದರೆ ಆಮೇಲೆ ಹಳೆಯ ಚಕ್ರ ಅಲ್ಲಿ ನೆಗೆಯುತ್ತದೆ. ಎರಡೂ ಕಾಲದ ಚಕ್ರಗಳನ್ನು ಸಮನಾಗಿ ತೃಪ್ತಿಪಡಿಸುವ ಪಾಯಿಂಟ್ ಇಲ್ಲ. ಹಾಗಾಗಿ ಹಳೆಯ ಪಾಯಿಂಟುಗಳನ್ನು ಹಳೆಯ ರೈಲುಗಳ ಸುತ್ತಿಗೇ ಮೀಸಲಿಟ್ಟು, ಎಲ್ಲ ರೈಲುಗಳೂ ಓಡುವ ಮುಖ್ಯ ಸುತ್ತಿನಲ್ಲಿ ಕೋಡ್ 100ರ ಪಾಯಿಂಟ್ ಹಾಕುವುದೇ ಸರಿಯಾದ ನಿರ್ಧಾರ.

ಹಾರ್ನ್‌ಬಿಯ ಈಗಿನ ಹಳಿಗಳ ಉದ್ದಗಳು ಸುಮ್ಮನೆ ಆರಿಸಿದವಲ್ಲ, ಅವುಗಳ ಹಿಂದೆ ಸುಂದರವಾದ ಲೆಕ್ಕವಿದೆ. ಎರಡನೇ ತ್ರಿಜ್ಯದ ತಿರುವು 438 ಮಿ.ಮೀ., ಒಂದು ತುಂಡು 22.5 ಡಿಗ್ರಿ. ಹದಿನಾರು ತುಂಡಿಗೆ ಪೂರ್ತಿ ವೃತ್ತ. 438ನ್ನು 22.5 ಡಿಗ್ರಿಯ ಸೈನ್‌ನಿಂದ ಗುಣಿಸಿದರೆ 167.6. ನೇರ ತುಂಡಿನ ಉದ್ದ 168 ಮಿ.ಮೀ. ಬಂದದ್ದು ಅಲ್ಲಿಂದ. ಪಾಯಿಂಟಿನ ಉದ್ದವೂ ಅದೇ. ಆ ತಿರುವಿನಲ್ಲಿ ಹಳಿ ಪಕ್ಕಕ್ಕೆ ಸರಿಯುವ ದೂರ 33.3 ಮಿ.ಮೀ. ಎರಡು ಪಾಯಿಂಟುಗಳ ಕವಲುಗಳನ್ನು ಎದುರುಬದುರು ಸೇರಿಸಿದರೆ 66.7 ಮಿ.ಮೀ. ಪಕ್ಕಕ್ಕೆ ಸರಿದು ಹಳಿ ಮತ್ತೆ ಸಮಾಂತರವಾಗುತ್ತದೆ. ಅದಕ್ಕೇ ಜೋಡಿ ಹಳಿಗಳ ನಡುವೆ 67 ಮಿ.ಮೀ. ಈಗ 438ರಿಂದ 67 ಕಳೆದರೆ ಮೊದಲ ತ್ರಿಜ್ಯ 371, ಕೂಡಿಸಿದರೆ ಮೂರನೆಯದು 505. ಇಡೀ ವ್ಯವಸ್ಥೆ ಒಂದು ತ್ರಿಜ್ಯ ಮತ್ತು ಒಂದು ಕೋನದಿಂದ ಹುಟ್ಟಿದೆ.

ಬೇರೆ ತಲೆಮಾರು ಸೇರಿದ ಕ್ಷಣ ಈ ಲೆಕ್ಕ ಮುರಿಯುತ್ತದೆ. ಪೀಕೋ ಕಂಪನಿಯ ಸ್ಟ್ರೀಮ್‌ಲೈನ್ ಎಂಬ ಸಾಲಿನ ಪಾಯಿಂಟುಗಳ ಕೋನ 12 ಡಿಗ್ರಿ, ಜೋಡಿ ಹಳಿಗಳ ನಡುವೆ 50.8 ಮಿ.ಮೀ. ಡಬ್ಲೋ ಮೂರು ಕಂಬಿಯ ಸಾಮಾನ್ಯ ತಿರುವು 15 ಇಂಚು, ಅಂದರೆ 381 ಮಿ.ಮೀ., 371ಕ್ಕೆ ಹತ್ತಿರ ಆದರೆ ಸಮನಲ್ಲ. ಸ್ಟ್ರೀಮ್‌ಲೈನ್ ಪಾಯಿಂಟಿನ ನಂತರ ಹಾರ್ನ್‌ಬಿ ತಿರುವು ಹಾಕಿದರೆ 10.5 ಡಿಗ್ರಿ ಉಳಿಯುತ್ತದೆ, ಅಷ್ಟಕ್ಕೆ ತುಂಡು ಎಲ್ಲೂ ಸಿಗದು. ಕೀಲುಗಳನ್ನು ಒತ್ತಿ ಬಗ್ಗಿಸಿ ಸರಿಮಾಡಲು ಹೊರಟರೆ ಹದಿನಾರು ಕೀಲುಗಳಲ್ಲಿ ತಲಾ ಅರ್ಧ ಡಿಗ್ರಿ ಸೇರಿ 8 ಡಿಗ್ರಿ ಸೊಟ್ಟಾಗುತ್ತದೆ, ಒಂದೊಂದು ಕೀಲೂ ಅನುಮಾನಾಸ್ಪದವಾಗುತ್ತದೆ. ಅದರ ಬದಲು ಎಲ್ಲ ವ್ಯತ್ಯಾಸವನ್ನೂ ಒಂದೇ ಕಡೆ, ಬಾಗುವ ಫ್ಲೆಕ್ಸಿ ಹಳಿಯ ಒಂದು ತುಂಡಿನಲ್ಲಿ ತೀರಿಸಿಕೊಳ್ಳಿ. ಒಂದು ಗಜದ, ಅಂದರೆ 914 ಮಿ.ಮೀ. ಉದ್ದದ ತುಂಡು ಬರುತ್ತದೆ. ಬಗ್ಗಿಸಿದಾಗ ಒಳಗಿನ ಕಂಬಿ ಹೊರಕ್ಕೆ ಚಾಚುತ್ತದೆ. ಬಗ್ಗಿಸಿದ ಮೇಲೆಯೇ ಅದನ್ನು ಕತ್ತರಿಸಬೇಕು, ಮೊದಲಲ್ಲ.

ವಿದ್ಯುತ್ತಿನ ವಿಷಯಕ್ಕೆ ಬಂದರೆ ಡಬ್ಲೋ ಮೂರು ಕಂಬಿಯದ್ದು ಬೇರೆಯೇ ಲೋಕ. ಅಲ್ಲಿ ನಡುಕಂಬಿಯಲ್ಲಿ ವಿದ್ಯುತ್ ಬರುತ್ತದೆ, ಎರಡು ಹೊರ ಕಂಬಿಗಳೂ ಸೇರಿ ಒಂದೇ ವಾಪಸ್ ದಾರಿ. ಆದ್ದರಿಂದ ಚಕ್ರಗಳನ್ನು ಅಚ್ಚಿನಿಂದ ಬೇರ್ಪಡಿಸುವ ಅಗತ್ಯ ಇರಲಿಲ್ಲ. ಆ ಎಂಜಿನ್ನನ್ನು ಎರಡು ಕಂಬಿಯ ಹಳಿಗೆ ಇಟ್ಟರೆ ಅದರ ಅಚ್ಚೇ ಎರಡು ಕಂಬಿಗಳನ್ನು ಸೇರಿಸಿ ಶಾರ್ಟ್ ಮಾಡುತ್ತದೆ. ಲೋಹದ ಚಕ್ರದ ಹಳೆಯ ಡಬ್ಬಿಗಳೂ ಹಾಗೆಯೇ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದೇ ಅಚ್ಚಿನ ಎರಡು ಚಕ್ರಗಳಿಗೆ ತಾಗಿಸಿ. ಬೀಪ್ ಎಂದರೆ ಆ ಬಂಡಿ ಎರಡು ಕಂಬಿಯ ಹಳಿಗೆ ಬರಕೂಡದು. ಹಾರ್ನ್‌ಬಿ ಡಬ್ಲೋ ಕೂಡ 1959ರಲ್ಲಿ ಎರಡು ಕಂಬಿಗೆ ಹೊರಳಿತು, ಹಾಗಾಗಿ ಡಬ್ಲೋ ಎಂಬ ಹೆಸರು ನೋಡಿ ಮಾತ್ರ ನಿರ್ಧರಿಸಬೇಡಿ. ಮೂರು ಕಂಬಿಗೆ ಒಂದು ದೊಡ್ಡ ಅನುಕೂಲವಿದೆ: ಹಳಿ ಸುತ್ತಿ ಬಂದು ತನ್ನನ್ನೇ ಸೇರಿದರೂ ಎಡ ಬಲ ಒಂದೇ ಆದ್ದರಿಂದ ಶಾರ್ಟ್ ಆಗದು. ಎರಡು ಕಂಬಿಯಲ್ಲಿ ಅದೇ ಸುತ್ತು ಹಾಕಿದರೆ ಧನ ಕಂಬಿ ಋಣ ಕಂಬಿಯನ್ನು ಕೂಡುತ್ತದೆ. ಅಲ್ಲಿ ಪ್ಲಾಸ್ಟಿಕ್ ಜಾಯಿನರ್ ಹಾಕಿ ಸುತ್ತನ್ನು ಬೇರ್ಪಡಿಸಿ, ಅದಕ್ಕೆ ಪ್ರತ್ಯೇಕ ಸ್ವಿಚ್ ಕೊಡಬೇಕು. ಮೂರು ಕಂಬಿಯ ಹಳಿಯನ್ನು ಪಕ್ಕದಲ್ಲಿ ಸಮಾಂತರವಾಗಿ, ತನ್ನದೇ ಕಂಟ್ರೋಲರಿನೊಂದಿಗೆ ಇಡುವುದು ಅದಕ್ಕೆ ಸಲ್ಲಬೇಕಾದ ಮರ್ಯಾದೆ.

ಹಳೆಯ ಜಾಯಿನರುಗಳು ಸಡಿಲಾಗಿ ಒಳಗೆ ಮಾಸಿರುತ್ತವೆ. ಒಂದು ಕೀಲಿಗೆ 0.1 ಓಮ್ ಅಡಚಣೆ ಎಂದುಕೊಳ್ಳಿ. ಕಂಟ್ರೋಲರಿನಿಂದ ಹತ್ತು ಕೀಲು ಆಚೆ ಎಂಜಿನ್ ಇದ್ದರೆ ಹೋಗಿಬರುವ ದಾರಿಯಲ್ಲಿ ಇಪ್ಪತ್ತು ಕೀಲು, ಒಟ್ಟು 2 ಓಮ್. ಎಂಜಿನ್ ಅರ್ಧ ಆಂಪಿಯರ್ ಎಳೆದರೆ 1 ವೋಲ್ಟ್ ದಾರಿಯಲ್ಲೇ ಖರ್ಚು. ರೈಲು ಮೇಜಿನ ಆ ತುದಿಯಲ್ಲಿ ನಿಧಾನವಾಗುವುದು ಇದರಿಂದ. ನಿಕಲ್ ಸಿಲ್ವರ್ ಕಂಬಿ ಈ ಕೊರತೆಯನ್ನು ತುಂಬಿಕೊಡುವುದಿಲ್ಲ. ವಿದ್ಯುತ್ತಿಗೆ ಅದು ಒಡ್ಡುವ ರೋಧ ತಾಮ್ರದ ಹತ್ತು ಪಟ್ಟಿಗಿಂತ ಹೆಚ್ಚು, ಉಕ್ಕಿಗಿಂತಲೂ ಜಾಸ್ತಿ. ಅದನ್ನು ಆರಿಸಿದ್ದು ಅದು ತುಕ್ಕು ಹಿಡಿಯದೆ ಮೇಲ್ಮೈ ಚೊಕ್ಕಟವಾಗಿ ಉಳಿಯುತ್ತದೆ ಎಂಬ ಕಾರಣಕ್ಕೆ. ಆದ್ದರಿಂದ ಪ್ರತಿ ಒಂದು ಮೀಟರಿಗೆ, ಮತ್ತು ತಲೆಮಾರು ಬದಲಾಗುವ ಪ್ರತಿ ಕೀಲಿನ ಎರಡೂ ಬದಿಗೆ, ತಾಮ್ರದ ತಂತಿ ಬೆಸೆದು ಮೇಜಿನಡಿ ದಪ್ಪ ತಂತಿಗೆ ಸೇರಿಸುವುದು ಒಳ್ಳೆಯದು. ಎಂಜಿನ್ ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ, ನಿಂತಿದ್ದಾಗ ಅಳೆದರೆ ಇಳಿತ ಕಾಣುವುದೇ ಇಲ್ಲ.

ಉಕ್ಕಿನ ಹಳಿಯನ್ನು ತುಕ್ಕು ಎಂದು ಪೂರ್ತಿ ತಳ್ಳಿಹಾಕುವ ಮೊದಲು ಒಂದು ಸಂಗತಿ ನೆನಪಿರಲಿ. ಟ್ರೈಯಾಂಗ್‌ನ ಹಲವು ಎಂಜಿನ್ನುಗಳಲ್ಲಿ ಮ್ಯಾಗ್ನಡ್ಹೀಷನ್ ಎಂಬ ಏರ್ಪಾಡು ಇತ್ತು. ಎಂಜಿನ್ನಿನೊಳಗಿನ ಅಯಸ್ಕಾಂತ ಉಕ್ಕಿನ ಕಂಬಿಯನ್ನು ಸೆಳೆದು ಚಕ್ರಕ್ಕೆ ಹಿಡಿತ ಕೊಡುತ್ತಿತ್ತು. ಅದೇ ಎಂಜಿನ್ ನಿಕಲ್ ಸಿಲ್ವರ್ ಮೇಲೆ ಬಂದಾಗ ಚಕ್ರ ಜಾರಿ, ಎಳೆಯುವ ಡಬ್ಬಿಗಳ ಸಂಖ್ಯೆ ಇಳಿಯುತ್ತದೆ. ಎಂಜಿನ್ ಕೆಟ್ಟಿದೆ ಎಂದು ಬಿಚ್ಚುವ ಅಗತ್ಯ ಇಲ್ಲ. ಏರು ದಾರಿ ಇದ್ದರೆ ಅಲ್ಲಿ ಉಕ್ಕಿನ ಹಳಿಯನ್ನೇ ಹಾಕಿ.

ಈ ಹಳಿಯ ಮೇಲೆ ನಮ್ಮ ರೈಲುಗಳ ಮಾದರಿ ಓಡಿಸುವ ಆಸೆಯಿರುವವರಿಗೆ ಒಂದು ಮಾತು. ಈ ಹಳಿಗಳ ಮೇಲೆ ಓಡುವ ಬ್ರಿಟಿಷ್ ಮಾದರಿಗಳ ಅಳತೆಗೆ ಡಬಲ್ ಓ ಎಂದು ಹೆಸರು; ನಿಜವಾದ ರೈಲಿಗೆ ಅದರ ಪ್ರಮಾಣ 1:76.2. ಅದರಲ್ಲಿ ಭಾರತದ 1676 ಮಿ.ಮೀ. ಬ್ರಾಡ್‌ಗೇಜ್ 22 ಮಿ.ಮೀ. ಆಗಬೇಕು, ಮೀಟರ್ ಗೇಜ್ 13.1. ಬ್ರಿಟನ್ನಿನ 1435 ಕೂಡ 18.8 ಆಗಬೇಕಿತ್ತು. ಈ ಅಳತೆಯಲ್ಲಿ 16.5 ಈ ಮೂರರಲ್ಲಿ ಯಾವ ಗೇಜಿಗೂ ಸರಿಹೊಂದದ ಒಂದು ಹೊಂದಾಣಿಕೆ.

ಎಲ್ಲ ಕೂಡಿಸಿದ ಮೇಲೆ ಎಂಜಿನ್ ಓಡಿಸುವ ಮುಂಚೆ ಅತಿ ಹಗುರವಾದ ಡಬ್ಬಿಯನ್ನು ಬೆರಳಿನಿಂದ ತಳ್ಳಿ ಪ್ರತಿ ಕೀಲನ್ನೂ ದಾಟಿಸಿ. ಆಮೇಲೆ ಉದ್ದದ ಎಂಜಿನ್ ಹಿಂದಕ್ಕೆ ಡಬ್ಬಿಗಳನ್ನು ತಳ್ಳುತ್ತ ಹೋಗಲಿ, ದೋಷ ಹೆಚ್ಚಾಗಿ ತೋರುವುದು ಎಳೆಯುವಾಗಿಗಿಂತ ತಳ್ಳುವಾಗ. ಕಂಬಿ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಉಕ್ಕಿನ ನಾರು ಮಾತ್ರ ಬೇಡ, ಅದರ ಎಳೆ ಮೋಟಾರಿನ ಅಯಸ್ಕಾಂತಕ್ಕೆ ಅಂಟಿ ಒಳಗೆ ಶಾರ್ಟ್ ಮಾಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಉಕ್ಕಿನ ಹಳಿಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ನಿಕಲ್ ಸಿಲ್ವರ್‌ನಿಂದ ಬೇರೆಯಾಗಿ ಎತ್ತಿಡಿ.