ಮೆಕ್ಕೆಜೋಳದ ಲೆಕ್ಕ ಯಾರ ಕೈಯಲ್ಲಿದೆ?

2025ರ ನವೆಂಬರ್‌ನಲ್ಲಿ ದಾವಣಗೆರೆ ಸುತ್ತಮುತ್ತ ಯಾರನ್ನು ಮಾತಾಡಿಸಿದರೂ ಒಂದೇ ಪ್ರಶ್ನೆ. ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ಗೆ ಮೆಕ್ಕೆಜೋಳ ಸಾಲುತ್ತಿಲ್ಲ ಅಂತ ಎರಡು ವರ್ಷದಿಂದ ಹೇಳುತ್ತಿದ್ದರಲ್ಲ, ಮತ್ತೆ ಧಾರಣೆ ಯಾಕೆ ಬಿತ್ತು? ಆಗ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,400 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ 2,000 ಸಿಕ್ಕಿದವನೇ ಪುಣ್ಯವಂತ. ಎಥೆನಾಲ್ ಕಾರ್ಖಾನೆಗಳು, ಕೋಳಿ ಉದ್ಯಮ, ರಾಜ್ಯ, ಕೇಂದ್ರ, ಎಲ್ಲರ ಹತ್ತಿರವೂ ಅಂಕಿ ಅಂಶ ಇತ್ತು. ಯಾವುದನ್ನೂ ಸುಳ್ಳು ಅನ್ನುವಂತಿರಲಿಲ್ಲ. ಆದರೆ ಒಂದಕ್ಕೊಂದು ತಾಳೆಯೂ ಆಗುತ್ತಿರಲಿಲ್ಲ.

ವ್ಯಾಪಾರಸ್ಥರು ಗುಂಪು ಕಟ್ಟಿಕೊಂಡು ಸರ್ಕಾರದ ಬಾಗಿಲು ತಟ್ಟೋದು ಹೊಸದೇನಲ್ಲ. ವಿಶ್ವೇಶ್ವರಯ್ಯನವರ ಕಾಲದಲ್ಲೇ, 1916ರಲ್ಲಿ, ಮೈಸೂರು ಸಂಸ್ಥಾನದ ವಾಣಿಜ್ಯ ಸಂಘ ಹುಟ್ಟಿತ್ತು. ರಾಜ್ಯದ ವಾಣಿಜ್ಯ, ಕೈಗಾರಿಕಾ ಸಂಘಗಳ ಇಂದಿನ ಒಕ್ಕೂಟ ಎಫ್‌ಕೆಸಿಸಿಐಗೆ ಅದೇ ಮೂಲ. ದಾವಣಗೆರೆ ಹತ್ತಿ ಗಿರಣಿಗಳಿಂದ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿದ್ದ ದಿನಗಳಲ್ಲಿ ಮಂತ್ರಿಗಳು ಪ್ರವಾಸಿ ಮಂದಿರಕ್ಕೆ ಬಂದರೆ ಒಂದು ಹಾರ, ಒಂದು ಮನವಿ ಪತ್ರ, 'ಪರಿಶೀಲಿಸೋಣ' ಅನ್ನುವ ಉತ್ತರ. ಮುಂದೆ ಗಿರಣಿಗಳು ಮುಚ್ಚಿದವು. ಮಳೆ ನಂಬಿದ ಹೊಲಗಳಿಗೆ ಮೆಕ್ಕೆಜೋಳ ಬಂತು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯೂ ಆಯಿತು. ಹಾರ, ಮನವಿ ಪತ್ರ ಮಾತ್ರ ಹಾಗೇ ಇದ್ದವು.

ಬದಲಾವಣೆ ಶುರುವಾಗಿದ್ದು ಕಂಪ್ಯೂಟರ್ ಪರದೆಯಿಂದ. 2014ರಲ್ಲಿ ರಾಜ್ಯ ಸರ್ಕಾರ ಖಾಸಗಿ ಪಾಲುದಾರಿಕೆಯಲ್ಲಿ ಸಂಸ್ಥೆಯೊಂದನ್ನು ಕಟ್ಟಿ ಎಪಿಎಂಸಿಗಳಲ್ಲಿ ಇ-ಟೆಂಡರ್ ತಂದಿತು. 2016ರಲ್ಲಿ ದೇಶದ ಮಾರುಕಟ್ಟೆಗಳನ್ನು ಆನ್‌ಲೈನ್‌ನಲ್ಲಿ ಜೋಡಿಸುವ ಕೇಂದ್ರದ ಇ-ನಾಮ್ ಬಂತು. ಪ್ರತಿ ರಾಶಿಗೂ ಲಾಟ್ ನಂಬರ್. ಸಂಜೆ ಹೊತ್ತಿಗೆ ಆವಕ ಎಷ್ಟು, ಕನಿಷ್ಠ ಧಾರಣೆ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ ಧಾರಣೆ) ಎಲ್ಲ ಸಿದ್ಧ. ಅಲ್ಲಿಯವರೆಗೆ ದಲ್ಲಾಳಿ ಅಂಗಡಿಯ ಖಾತೆ ಪುಸ್ತಕದಲ್ಲಿದ್ದ ವಿಷಯ ಬೆಂಗಳೂರಲ್ಲಿ ಕೂತವರಿಗೂ ಕಾಣತೊಡಗಿತು. ಇದು ರೈತನಿಗೆ ಅನುಕೂಲ ಅಂತ ಆಗ ಎಲ್ಲರೂ ಅಂದುಕೊಂಡೆವು. ಅನುಕೂಲ ಆಗಿದ್ದು ಸುಳ್ಳಲ್ಲ. ಆದರೆ ದಿನದ ಧಾರಣೆ ನೋಡಿ ಸುಮ್ಮನಾಗುವವನಿಗಿಂತ, ಐದು ವರ್ಷದ ಧಾರಣೆ ಸಾಲಾಗಿ ಜೋಡಿಸಿ ನೋಡುವವನಿಗೆ ಜಾಸ್ತಿ ಅನುಕೂಲ ಆಯಿತು, ಅಲ್ವಾ?

2020ರಲ್ಲಿ ಎಪಿಎಂಸಿ ಹೊರಗೂ ವ್ಯಾಪಾರ ಮಾಡಬಹುದು ಅಂತ ಕಾನೂನು ಬದಲಾದಾಗ ವರ್ತಕರು ಅಂಕಿ ಹಿಡಿದು ವಾದ ಮಾಡುವುದರ ರುಚಿ ಕಂಡರು. ಯಾರ್ಡ್ ಒಳಗೆ ಸೆಸ್, ಹೊರಗೆ ಇಲ್ಲ. ಹಾಗಾದರೆ ಒಳಗೆ ಯಾರು ಬರುತ್ತಾರೆ? ವಾದ ಇಷ್ಟೇ. ಇದರಲ್ಲಿ ಬೇಡಿಕೊಳ್ಳೋದು ಏನೂ ಇರಲಿಲ್ಲ. ಬರೀ ಗಣಿತ. ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಶುಲ್ಕ ಆ ವರ್ಷ 35 ಪೈಸೆಗೂ ಇಳಿದು, ಆಮೇಲೆ 60 ಪೈಸೆಗೆ ಬಂತು.

ಎಥೆನಾಲ್ ಬಂದ ಮೇಲೆ ಆಟ ದೆಹಲಿಗೆ ಹೋಯಿತು. ಪೆಟ್ರೋಲ್‌ಗೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು 2025ಕ್ಕೆ ಎಳೆದರು. 2023ರ ಜುಲೈನಲ್ಲಿ ಆಹಾರ ನಿಗಮದ ಅಕ್ಕಿ ಎಥೆನಾಲ್‌ಗೆ ಸಿಗೋದು ನಿಂತಿತು. ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿಗೂ ತಡೆ ಬಿತ್ತು. ಉಳಿದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ತೈಲ ಕಂಪನಿಗಳು ಅದರ ಎಥೆನಾಲ್‌ಗೆ ಲೀಟರಿಗೆ 71.86 ರೂಪಾಯಿ ಕೊಡಲು ಒಪ್ಪಿದವು. ಒಂದು ಟನ್ ಕಾಳಿನಿಂದ ಸುಮಾರು 380 ಲೀಟರ್ ಬರುತ್ತದೆ. ಇಷ್ಟು ಗೊತ್ತಿದ್ದರೆ ಕಾರ್ಖಾನೆಯವರು ಕಾಳಿಗೆ ಎಷ್ಟರವರೆಗೆ ಕೊಡಬಲ್ಲರು ಅಂತ ಯಾರು ಬೇಕಾದರೂ ಹೇಳಬಹುದು.

ಕೋಳಿ ಉದ್ಯಮದವರೂ ತಮ್ಮ ಲೆಕ್ಕ ಹಿಡಿದು ಹೋದರು. ಕೋಳಿ ಸಾಕುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಹಾರದ್ದೇ, ಅದರಲ್ಲಿ ದೊಡ್ಡ ಪಾಲು ಮೆಕ್ಕೆಜೋಳ. ಮೊಟ್ಟೆ ಬೆಲೆ ಏರಿದರೆ ನಮ್ಮನ್ನು ಕೇಳಬೇಡಿ ಅಂದರು. 2024ರ ಜೂನ್‌ನಲ್ಲಿ ಸುಮಾರು 5 ಲಕ್ಷ ಟನ್ ಆಮದಿಗೆ ಸುಂಕ 50ರಿಂದ 15 ಪರ್ಸೆಂಟ್‌ಗೆ ಇಳಿಯಿತು. 2024ರ ಆಗಸ್ಟ್‌ನಲ್ಲಿ ಅಕ್ಕಿಯೂ ವಾಪಸ್ ಬಂತು, 2025ರ ಜನವರಿಯಲ್ಲಿ ಎಥೆನಾಲ್ ಕಾರ್ಖಾನೆಗಳಿಗೆ ಅದರ ಬೆಲೆ ಕ್ವಿಂಟಾಲ್‌ಗೆ 2,250 ರೂಪಾಯಿಗೆ ಇಳಿಯಿತು. ಅಷ್ಟರಲ್ಲಿ ಒಳ್ಳೆ ಧಾರಣೆ ನೋಡಿ ದೇಶದ ತುಂಬ ಮೆಕ್ಕೆಜೋಳ ಬಿತ್ತಿದ್ದರು. ಉತ್ಪಾದನೆ 4 ಕೋಟಿ ಟನ್ ದಾಟಿತ್ತು. ಒಂದೊಂದು ತೀರ್ಮಾನವನ್ನೂ ಬಿಡಿಯಾಗಿ ನೋಡಿದರೆ ಕಾರಣ ಸರಿಯಾಗಿಯೇ ಇದೆ. ಎಲ್ಲವೂ ಒಂದೇ ಸುಗ್ಗಿಯಲ್ಲಿ ಬಂದು ಸೇರಿದ್ದು ದಾವಣಗೆರೆ ಜಿಲ್ಲೆಯ ಜಗಳೂರಿನ ಕಣದಲ್ಲಿ.

ಆಮೇಲೆ ರಾಜ್ಯದಿಂದ ಕೇಂದ್ರಕ್ಕೆ ಪತ್ರ ಹೋಯಿತು, ಅಲ್ಲಿಂದ ಉತ್ತರ ಬಂತು. ಕಾರ್ಖಾನೆಗಳ ಸಾಮರ್ಥ್ಯ, ಹಂಚಿಕೆಯಾದ ಎಥೆನಾಲ್, ಖರೀದಿ ಯಾರ ಹೊಣೆ, ಮತ್ತೆ ಅಂಕಿಗಳು.

ಹಾಗಂತ ಬೆಳೆಗಾರನ ಲೆಕ್ಕ ಯಾರೂ ಇಡುತ್ತಿಲ್ಲ ಅಂತಲ್ಲ. ರಾಜ್ಯದಲ್ಲಿ 2014ರಿಂದ ಕೃಷಿ ಬೆಲೆ ಆಯೋಗವೇ ಇದೆ. ಆದರೆ ಯಾವ ಖರ್ಚು ಸೇರಿಸಬೇಕು ಅನ್ನೋದೇ ದೊಡ್ಡ ಜಗಳ. ಬೆಂಬಲ ಬೆಲೆ 'ಖರ್ಚಿನ ಒಂದೂವರೆ ಪಟ್ಟು' ಅನ್ನುವಾಗ ಕೈಯಿಂದ ಹಾಕಿದ ದುಡ್ಡು, ಮನೆಯವರ ದುಡಿಮೆ ಮಾತ್ರ ಹಿಡಿಯುತ್ತಾರೆ. ಸ್ವಂತ ಜಮೀನಿನ ಬಾಡಿಗೆ, ಸ್ವಂತ ಸ್ಥಿರ ಬಂಡವಾಳದ ಬಡ್ಡಿ ಆ ಲೆಕ್ಕದಲ್ಲಿಲ್ಲ. ಇನ್ನು ತೇವಾಂಶ. 14 ಪರ್ಸೆಂಟ್ ಮೀರಿದರೆ ಕಾಳು ಬೆಂಬಲ ಬೆಲೆಯ ಗುಣಮಟ್ಟಕ್ಕೆ ಬರುವುದಿಲ್ಲ. ಹೊರಗಿನ ವ್ಯಾಪಾರದಲ್ಲೂ ಅದೇ ನೆಪಕ್ಕೆ ಧಾರಣೆ ಕಡಿಯುತ್ತಾರೆ. ಅಳೆಯುವ ಮೀಟರ್ ಕೊಳ್ಳುವವನ ಕೈಯಲ್ಲಿರುತ್ತದೆ.

ಜಗಳೂರು ಕಡೆಯ ನಮ್ಮ ದೊಡ್ಡಪ್ಪ ತೂಕದ ಚೀಟಿಗಳನ್ನೆಲ್ಲ ಗೋಡೆಯ ತಂತಿಗೆ ಚುಚ್ಚಿ ಇಟ್ಟಿದ್ದಾರೆ. ಕಳೆದ ದೀಪಾವಳಿಗೆ ಹೋದಾಗ ಬಿಚ್ಚಿ ನೋಡಿದೆ. ಹತ್ತು ವರ್ಷದ ತೂಕ, ಧಾರಣೆ, ಹಮಾಲಿ, ತೇವಾಂಶಕ್ಕೆ ಕಡಿದದ್ದು, ಎಲ್ಲ ಇದೆ. ಕೂಡಿಸಿ ನೋಡಿದವರು ಯಾರೂ ಇಲ್ಲ. ಅದರಲ್ಲಿ ಅರ್ಧಕ್ಕರ್ಧ ಬಿಳಿ ಚೀಟಿ. ಆ ವ್ಯಾಪಾರ ಎಪಿಎಂಸಿ ಲೆಕ್ಕಕ್ಕೆ ಬಂದೇ ಇಲ್ಲ. ಧಾರಣೆ ತೀರಾ ಕಮ್ಮಿ ಬರೆದಿರೋದೂ ಆ ಚೀಟಿಗಳಲ್ಲೇ.