ಬಾರ್ಲೋ ಮಸೂರ: ಗ್ರಹವನ್ನು ದೊಡ್ಡದು ಮಾಡುವ ಲೆಕ್ಕ

ದಾವಣಗೆರೆಯ ತಾರಸಿಯ ಮೇಲೆ ಸಣ್ಣ ದೂರದರ್ಶಕವಿಟ್ಟು ಗುರುವಿನ ಪಟ್ಟೆಗಳನ್ನೂ ಶನಿಯ ಉಂಗುರವನ್ನೂ ಒಮ್ಮೆ ನೋಡಿದವರಿಗೆ ಮುಂದಿನ ಆಸೆ ಬೇಗ ಹುಟ್ಟುತ್ತದೆ. ಇನ್ನೂ ದೊಡ್ಡದಾಗಿ ಕಾಣಬೇಕು, ಫೋಟೊ ತೆಗೆಯಬೇಕು. ಆಗ ಬಲ್ಲವರೂ ಮಾರುವವರೂ ಮೊದಲು ಹೇಳುವುದು ‘ಒಂದು ಬಾರ್ಲೋ ಹಾಕಿ’ ಎಂದು.

ಬಾರ್ಲೋ ಎಂದರೆ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಅಥವಾ ಕ್ಯಾಮೆರಾದ ಮುಂದೆ, ಬಿಂಬವನ್ನು ಸ್ಪಷ್ಟಗೊಳಿಸಲು ಹಿಂದೆಮುಂದೆ ಸರಿಸುವ ಫೋಕಸರ್ ಕೊಳವೆಯೊಳಗೆ ಸೇರಿಸುವ ನಿಮ್ನ ಮಸೂರ. ದೂರದರ್ಶಕದ ಮುಖ್ಯ ಕನ್ನಡಿ ಒಟ್ಟುಗೂಡಿಸಿ ತರುವ ಬೆಳಕನ್ನು ಅದು ಕೊಂಚ ಸಡಿಲಿಸುತ್ತದೆ. ಕಿರಣಗಳು ಇನ್ನಷ್ಟು ಮುಂದೆ ಹೋಗಿ ಸೇರುವುದರಿಂದ ದೂರದರ್ಶಕದ ಸಂಗಮದೂರವೇ (ಕನ್ನಡಿಯಿಂದ ಕಿರಣಗಳು ಸೇರುವ ಬಿಂದುವಿಗಿರುವ ದೂರ) ಹೆಚ್ಚಿದಂತಾಗುತ್ತದೆ. ಹೆಸರು ಬಂದದ್ದು ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋನಿಂದ (1776–1862). 1830ರ ದಶಕದಲ್ಲಿ ಅವನಿಗಾಗಿ ಇಂಥ ಮಸೂರವನ್ನು ಮಾಡಿಕೊಟ್ಟವನು ಉಪಕರಣ ತಯಾರಕ ಜಾರ್ಜ್ ಡೊಲಾಂಡ್.

ಹವ್ಯಾಸಿಗಳ ಬಳಿ ಸಾಮಾನ್ಯವಾಗಿ ಕಾಣುವ 114 ಮಿ.ಮೀ. ಕನ್ನಡಿಯ, 900 ಮಿ.ಮೀ. ಸಂಗಮದೂರದ ದೂರದರ್ಶಕವನ್ನೇ ತೆಗೆದುಕೊಳ್ಳೋಣ. 10 ಮಿ.ಮೀ. ಸಂಗಮದೂರದ ಐಪೀಸ್ ಹಾಕಿದರೆ ವರ್ಧನೆ 900 ಭಾಗಿಸು 10, ಅಂದರೆ 90 ಪಟ್ಟು; ನಡುವೆ 2 ಪಟ್ಟಿನ ಬಾರ್ಲೋ ಸೇರಿಸಿದರೆ 180. ಕನ್ನಡಿಯ ವ್ಯಾಸದ ಪ್ರತಿ ಮಿ.ಮೀ.ಗೆ 2 ಪಟ್ಟು ಎಂಬ ರೂಢಿಯ ಮಿತಿ ಇಲ್ಲಿ 228 ಆಗುವುದರಿಂದ 180 ಸಲ್ಲುವ ಸಂಖ್ಯೆ. ಆದರೆ ಅಗ್ಗದ ಪೆಟ್ಟಿಗೆಗಳ ಮೇಲೆ 675 ಪಟ್ಟು ಎಂದೂ ಅಚ್ಚಾಗಿರುತ್ತದೆ. 4 ಮಿ.ಮೀ. ಐಪೀಸ್‌ಗೆ 3 ಪಟ್ಟಿನ ಪ್ಲಾಸ್ಟಿಕ್ ಬಾರ್ಲೋ ಜೋಡಿಸಿದಾಗ ಬರುವ ಸಂಖ್ಯೆ ಅದು. ಗುಣಾಕಾರ ಸರಿಯೇ ಇದೆ, ಕಾಣುವುದು ಮಾತ್ರ ಮಸುಕು ಉಂಡೆ. ಹಿಟ್ಟು ಅಷ್ಟೇ ಇದ್ದು ದೋಸೆಯನ್ನು ದೊಡ್ಡದಾಗಿ ಎಳೆದಂತೆ: ವರ್ಧನೆ ಎರಡು ಪಟ್ಟಾದರೆ ಬಿಂಬದ ಹೊಳಪು ಕಾಲುಭಾಗಕ್ಕೆ ಇಳಿಯುತ್ತದೆ. ಹೊಸ ವಿವರವನ್ನು ತರುವ ಶಕ್ತಿ ಕನ್ನಡಿಯ ವ್ಯಾಸಕ್ಕಿದೆಯೇ ಹೊರತು ಬಾರ್ಲೋಗಿಲ್ಲ.

ಹಾಗಾದರೆ ಅದು ಯಾಕೆ ಬೇಕು? ಉತ್ತರ ಕ್ಯಾಮೆರಾದಲ್ಲಿದೆ. ಗುರು ಭೂಮಿಗೆ ಹತ್ತಿರವಿರುವಾಗ ಅದರ ತಟ್ಟೆ ಆಕಾಶದಲ್ಲಿ ಸುಮಾರು 45 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಭಾಗವೇ ಆರ್ಕ್‌ಸೆಕೆಂಡ್) ಅಗಲ. ನಮ್ಮ 900 ಮಿ.ಮೀ. ಕೊಳವೆ ಅದನ್ನು ಸೆನ್ಸರ್ ಮೇಲೆ ಹೆಚ್ಚುಕಡಿಮೆ 0.2 ಮಿ.ಮೀ.ನಷ್ಟು ಮೂಡಿಸುತ್ತದೆ. ಪಿಕ್ಸೆಲ್ 2.9 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಇದ್ದರೆ ಇಡೀ ಗುರು 70 ಪಿಕ್ಸೆಲ್‌ನೊಳಗೆ ಮುಗಿದುಹೋಗುತ್ತದೆ. ಕನ್ನಡಿ ಬಿಡಿಸಿಕೊಟ್ಟ ವಿವರವನ್ನೂ ಸೆನ್ಸರ್ ಕಳೆದುಬಿಡುತ್ತದೆ. ಇದಕ್ಕೊಂದು ರೂಢಿಯ ಸೂತ್ರವಿದೆ: ಸಂಗಮದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ, ಮೈಕ್ರಾನ್‌ಗಳಲ್ಲಿ ಪಿಕ್ಸೆಲ್ ಗಾತ್ರದ ಸುಮಾರು ಐದು ಪಟ್ಟಿರಬೇಕು. ಅಂದರೆ ಈ ಕ್ಯಾಮೆರಾಗೆ 14.5. ಬಾರ್ಲೋ ಇಲ್ಲದೆ ನಮ್ಮಲ್ಲಿರುವುದು 7.9, 2 ಪಟ್ಟಿನ ಬಾರ್ಲೋ ಅದನ್ನು 15.8ಕ್ಕೆ ಒಯ್ಯುತ್ತದೆ. 3 ಪಟ್ಟಿನದು 23.7ಕ್ಕೆ ಏರಿಸಿ ಬೆಳಕನ್ನು ಸುಮ್ಮನೆ ತೆಳುವಾಗಿಸುತ್ತದೆ. ಕೊಳ್ಳುವ ಮುನ್ನ ಕಾಗದದ ಮೇಲೆ ಈ ಭಾಗಾಕಾರ ಮಾಡಿದವರು ಹಣ ಕಳೆದುಕೊಳ್ಳುವುದಿಲ್ಲ.

ಬಾರ್ಲೋ ಮೇಲೆ ಬರೆದ ‘2ಎಕ್ಸ್’ ಕೂಡ ಸ್ಥಿರವಲ್ಲ. ಮಸೂರದಿಂದ ಸೆನ್ಸರ್ ದೂರ ಸರಿದಷ್ಟೂ ವರ್ಧನೆ ಏರುತ್ತದೆ, ಹತ್ತಿರ ಬಂದಷ್ಟೂ ಇಳಿಯುತ್ತದೆ. ಕೆಲವು ಬಾರ್ಲೋಗಳ ಮಸೂರದ ತುದಿಯನ್ನು ತಿರುಗಿಸಿ ಬಿಚ್ಚಿ, ಐಪೀಸ್‌ನಲ್ಲಿ ಫಿಲ್ಟರ್ ಕೂರಿಸುವ ತಿರುಪಿಗೇ ಹಾಕಬಹುದು. ಆಗ ಅದು ಸುಮಾರು ಒಂದೂವರೆ ಪಟ್ಟಿನದಾಗುತ್ತದೆ. ಒಂದೇ ಬೆಲೆಗೆ ಎರಡು ಬಾರ್ಲೋ ಸಿಕ್ಕಂತೆ, ಆದರೂ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ! ಕನ್ನಡಕದವರಿಗೆ ಇನ್ನೊಂದು ಅನುಕೂಲ: 5 ಮಿ.ಮೀ. ಐಪೀಸ್‌ನ ಕಿಂಡಿಗೆ ಕಣ್ಣು ಒತ್ತುವ ಬದಲು ಬಾರ್ಲೋ ಸೇರಿಸಿದ 10 ಮಿ.ಮೀ.ನದರಿಂದಲೇ ಅಷ್ಟು ವರ್ಧನೆ ಪಡೆಯಬಹುದು.

ಇಷ್ಟಾದ ಮೇಲೂ ಮಾತು ಕೇಳದಿರುವುದು ಗಾಳಿ. ಬಾರ್ಲೋ ಗ್ರಹದ ಜೊತೆಗೆ ಗಾಳಿಯ ನಡುಕವನ್ನೂ ಹಿಗ್ಗಿಸುತ್ತದೆ. ಚಿತ್ರದುರ್ಗದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಇರುಳಲ್ಲಿ ಬಿಡುತ್ತವೆ. ಅವುಗಳ ನೆತ್ತಿಯ ಮೇಲಿನ ಗುರು ಸಂಜೆ ಕುದಿಯುತ್ತಿರುತ್ತದೆ. ಕಾಂಕ್ರೀಟ್ ತಾರಸಿಯದೂ ಅದೇ ಕಥೆ. ಭದ್ರಾ ನಾಲೆಯ ಬಯಲಿನ ಗದ್ದೆಯ ಬದಿ, ಅದೂ ನಡುರಾತ್ರಿಯ ನಂತರ, ಎಷ್ಟೋ ವಾಸಿ. ನಮ್ಮ ಅಕ್ಷಾಂಶ ಮಾತ್ರ ವರವೇ ಸರಿ. 14 ಡಿಗ್ರಿ ಉತ್ತರದಲ್ಲಿರುವ ನಮಗೆ ಗುರು, ಶನಿ ಎಷ್ಟೇ ದಕ್ಷಿಣಕ್ಕೆ ವಾಲಿದ್ದರೂ ಉತ್ತುಂಗದಲ್ಲಿ ದಿಗಂತದಿಂದ ಸುಮಾರು 50 ಡಿಗ್ರಿ ಮೇಲೆ ಬರುತ್ತವೆ; ಮೇಲೇರಿದಷ್ಟೂ ನಡುವಿನ ಗಾಳಿ ಕಡಿಮೆ. ಬಾರ್ಲೋನ ಊರಿನವರಿಗೆ ಅಂಥ ವರ್ಷಗಳಲ್ಲಿ ಅವು 15 ಡಿಗ್ರಿಯ ಆಸುಪಾಸಿನಲ್ಲೇ ತೆವಳುತ್ತವೆ.

ನಡುಕಕ್ಕೆ ಮದ್ದು ವಿಡಿಯೊ. ಎರಡು–ಮೂರು ನಿಮಿಷ ಸಾವಿರಾರು ಚೌಕಟ್ಟುಗಳನ್ನು ಹಿಡಿದು, ಆಟೋಸ್ಟ್ಯಾಕರ್ಟ್‌ನಂಥ ಉಚಿತ ತಂತ್ರಾಂಶದಿಂದ ಚೊಕ್ಕವಾದವುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸುತ್ತಾರೆ. ಇನ್ನೂ ಹೆಚ್ಚು ಹೊತ್ತು ಹಿಡಿಯಲು ಗುರುವೇ ಬಿಡುವುದಿಲ್ಲ: ಹತ್ತು ತಾಸಿನೊಳಗೆ ಒಂದು ಸುತ್ತು ತಿರುಗುವ ಅದರ ಪಟ್ಟೆಗಳು ಕಲಸಿಕೊಳ್ಳುತ್ತವೆ. ಇದಕ್ಕೂ ಮೊದಲು ದೂರದರ್ಶಕದೊಳಗಿನ ಎರಡು ಕನ್ನಡಿಗಳನ್ನು ಒಂದಕ್ಕೊಂದು ನೇರಕ್ಕೆ ಕೂರಿಸಬೇಕು. ಕಾಸು ಖರ್ಚಿಲ್ಲದ ಸುಧಾರಣೆ ಅದೊಂದೇ. ಆದ್ದರಿಂದಲೇ ಇರಬೇಕು, ಹೆಚ್ಚಿನವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ಕೊಳವೆಯ ಉದ್ದವನ್ನೂ ಅಳೆದು ನೋಡಿ. ಕನ್ನಡಿಯ ದೂರದರ್ಶಕದ ಮೇಲೆ ಸಂಗಮದೂರ 1000 ಮಿ.ಮೀ. ಎಂದಿದ್ದು, ಕೊಳವೆ ಅರ್ಧ ಮೀಟರಿನಷ್ಟೇ ಇದ್ದು, ಫೋಕಸರ್‌ನಲ್ಲಿ ಮೊದಲೇ ಒಂದು ಮಸೂರ ಕೂತಿದ್ದರೆ ಅದು ಬರ್ಡ್–ಜೋನ್ಸ್ ಮಾದರಿ. ಬಾರ್ಲೋ ಮಾಡುವ ಕೆಲಸವನ್ನು ಅದರೊಳಗಿನ ಮಸೂರವೇ ಮಾಡುತ್ತಿದೆ. ಅಗ್ಗದವುಗಳಲ್ಲಿ ಆ ಮಸೂರ ಸುಮಾರಾಗಿರುವುದೇ ಹೆಚ್ಚು. ಅದರ ಮೇಲೆ ಇನ್ನೊಂದು ಬಾರ್ಲೋ ಹೇರುವುದಕ್ಕಿಂತ, ಆ ಹಣವನ್ನು 150 ಮಿ.ಮೀ. ಕನ್ನಡಿಗೆಂದು ಎತ್ತಿಡುವುದು ಮೇಲು.