ಬರ್ನ್‌ಔಟ್: ನಿದ್ದೆ ಮಾಡಿದರೂ ಹೋಗದ ದಣಿವು

"ಬ್ಯಾಸರಾಗ್ಯಾದವ್ವಾ, ಏನೂ ಬ್ಯಾಡ ಅನಸ್ಲತ್ತದ." ಕಲಬುರಗಿಯಲ್ಲಿ ಕೆಲಸಕ್ಕೆ ಹೋಗುವ ತಾಯಂದಿರು ಹೀಗಂದರೆ, "ಎರಡು ದಿನ ರಜೆ ಹಾಕು, ಸರಿ ಹೋಗ್ತದ" ಅಂತ ಸಮಾಧಾನ ಹೇಳುವವರೇ ಜಾಸ್ತಿ. ಬರೀ ದಣಿವಾಗಿದ್ದರೆ ರಜೆ ಸಾಕು. ಬರ್ನ್‌ಔಟ್ ಆಗಿದ್ದರೆ ಸಾಲುವುದಿಲ್ಲ.

1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಸ್ಥಿತಿಯ ಬಗ್ಗೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಕೆಲಸದ ಒತ್ತಡ ಬಹಳ ಕಾಲ ಹತೋಟಿಗೆ ಬರದಿದ್ದಾಗ ಆಗುವ ಸ್ಥಿತಿ ಎಂದು ವಿವರಿಸಿತು. ಲಕ್ಷಣ ಮೂರು. ಶಕ್ತಿಯೇ ಬತ್ತಿಹೋಗುತ್ತದೆ. ಕೆಲಸದಿಂದ ಮನಸ್ಸು ದೂರ ಸರಿಯುತ್ತದೆ. ನನ್ನ ಕೈಲಿ ಏನೂ ಆಗುವುದಿಲ್ಲ ಅನ್ನಿಸತೊಡಗುತ್ತದೆ.

ಎರಡನೆಯದು ಬೇಗ ಕಣ್ಣಿಗೆ ಬೀಳುವುದಿಲ್ಲ. ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಜೇವರ್ಗಿ ಕಡೆ ಹೋಗಿಬರುವ ಶಿಕ್ಷಕಿಯೊಬ್ಬರನ್ನು ನೆನೆಸಿಕೊಳ್ಳಿ. ಮೊದಲು ಮಕ್ಕಳ ನೋಟ್‌ಬುಕ್ಕಿನಲ್ಲಿ ತಪ್ಪು ತಿದ್ದಿ, ಪಕ್ಕದಲ್ಲಿ ಸರಿ ಅಕ್ಷರ ಬರೆದುಕೊಡುತ್ತಿದ್ದರು. ಈಗ ಓದದೆ ಪುಟಪುಟಕ್ಕೂ ಕೆಂಪು ಟಿಕ್ ಹಾಕಿ ಮುಗಿಸುತ್ತಾರೆ. ಸಂಜೆ ಮಗಳು ಚಿತ್ರ ತೋರಿಸಲು ಓಡಿ ಬಂದರೆ "ಆಮೇಲೆ" ಅನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಸೋಮಾರಿತನ ಇದಲ್ಲ. ಪ್ರೀತಿ ಕಡಿಮೆಯಾಗಿದೆ ಅಂತಲೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆ ನೌಕರಿಗೆ ಮಾತ್ರ ಸೇರಿದ್ದು. ಮಕ್ಕಳನ್ನು ಸಾಕುವುದರಲ್ಲೇ ಆಗುವ ಇಂಥ ಬಳಲಿಕೆಯನ್ನು ಬೆಲ್ಜಿಯಂನ ಸಂಶೋಧಕಿಯರಾದ ಇಸಬೆಲ್ ರೋಸ್ಕಮ್ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್ 'ಪೇರೆಂಟಲ್ ಬರ್ನ್‌ಔಟ್' ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ್ದಾರೆ. ನೌಕರಿ ಮಾಡುವ ತಾಯಿಗೆ ಎರಡೂ ಒಟ್ಟಿಗೇ ಬರಬಹುದು.

ಯಾಕೆ ಅಂತ ಕೇಳಿದರೆ ಉತ್ತರ ಅಡುಗೆಮನೆಯಲ್ಲೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಅಂದರೆ ಏಳು ಗಂಟೆಯೊಳಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿರಬೇಕು. ಕಾದ ಹಂಚಿನ ಮುಂದೆ ನಿಂತು, ಆಮೇಲೆ ಸುಡುಬಿಸಿಲಲ್ಲಿ ಮನೆಗೆ ಬಂದವರಿಗೆ "ಮಧ್ಯಾಹ್ನವೇ ಬಂದಿಯಲ್ಲ, ಇನ್ನು ಆರಾಮ" ಅನ್ನುತ್ತಾರೆ! ಹಬ್ಬ, ಶರಣಬಸವೇಶ್ವರ ಜಾತ್ರೆ ಅಂತ ರಜೆ ಸಿಕ್ಕರೂ ಬೀಗರು ಬರುತ್ತಾರೆ, ರೊಟ್ಟಿ ಇನ್ನೂ ಹೆಚ್ಚುತ್ತದೆ.

ಹಾಗಾಗಿ ಸುಮ್ನೆ "ಧ್ಯಾನ ಮಾಡು, ವಾಕಿಂಗ್ ಹೋಗು" ಅಂದರೆ ಸಾಲದು. ಅವುಗಳಿಂದ ಹಗುರವಾಗುವುದು ನಿಜ, ಆದರೆ ಅವಕ್ಕೂ ಹೊತ್ತು ಬೇಕಲ್ವಾ? ಮೊದಲು ಹೊರೆ ಇಳಿಯಬೇಕು. ಗಂಡ "ಏನ್ ಮಾಡ್ಬೇಕ್ ಹೇಳು" ಅಂದರೆ ಅರ್ಧ ಕೆಲಸ ಹೆಂಡತಿಯ ತಲೆಯಲ್ಲೇ ಉಳಿಯಿತು. ಮಗುವಿನ ಲಸಿಕೆ ಅವನದು ಅಂದರೆ ತಾರೀಕು ನೆನಪಿಡುವುದು, ಕಾರ್ಡ್ ಹುಡುಕುವುದು, ಕರೆದೊಯ್ಯುವುದು, ರಾತ್ರಿ ಜ್ವರ ನೋಡುವುದು ಎಲ್ಲ ಅವನದೇ ಆಗಬೇಕು. ವಾರದಲ್ಲಿ ಕೆಲವು ದಿನ ರೊಟ್ಟಿ ಕೊಂಡು ತನ್ನಿ. ಕೈಯಲ್ಲಿ ಬಡಿದ ರೊಟ್ಟಿ ಮಾರುವ ಹೆಣ್ಣುಮಕ್ಕಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಅತ್ತೆ ಏನಂತಾರೋ ಅನ್ನುವ ಅಳುಕಿದ್ದರೆ ಆ ಮಾತನ್ನು ಮಗನೇ ಅವರ ಹತ್ತಿರ ಆಡಲಿ.

ದಣಿವೆಲ್ಲ ಬರ್ನ್‌ಔಟ್ ಅಲ್ಲ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ತೊಂದರೆಯಿದ್ದರೂ ಹೀಗೇ ಸುಸ್ತಾಗುತ್ತದೆ, ಒಮ್ಮೆ ಪರೀಕ್ಷೆ ಮಾಡಿಸಿ. ಎರಡು ವಾರ ಕಳೆದರೂ ಯಾವುದರಲ್ಲೂ ಖುಷಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.